ಬಿಳಿ ಕೈಯ ಹಟ

ನಾರಾಯಣಪೇಟೆಯ ಬಜಾರಿನಲ್ಲಿ ನೂಲಿಗೆ ಬಣ್ಣ ಹಾಕುವವರನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಉಗುರಿನ ಸಂದಿನಲ್ಲಿ ನೀಲಿ, ಮೊಳಕೈವರೆಗೆ ಕೆಂಪು, ಧೋತರದ ತುದಿಯಲ್ಲಿ ಅವೆರಡೂ ಕಲಸಿದ ಇನ್ನೊಂದು ಬಣ್ಣ. ನಮ್ಮ ಮನೆಯವರು ಮಾತ್ರ ಹಾಗೆ ಕಾಣುತ್ತಿರಲಿಲ್ಲ. ಸಂಜೆ ಬಣ್ಣದ ತೊಟ್ಟಿ ಮುಚ್ಚಿದ ಮೇಲೆ ಅಪ್ಪ ಚೌಳು ಮಣ್ಣು, ಸುಣ್ಣದ ತಿಳಿ, ಒಣಗಿದ ಹೀರೇಕಾಯಿಯ ನಾರು ಇಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕೂಡುತ್ತಿದ್ದ. ಕೈ ಬೆಳ್ಳಗಾಗುವವರೆಗೆ ಏಳುತ್ತಿರಲಿಲ್ಲ. ಆಮೇಲೆ ಸ್ನಾನ, ವಿಭೂತಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ, ಊಟ. ಬಣ್ಣದ ಅಂಗೈಯ ಮೇಲೆ ಲಿಂಗ ಕೂತದ್ದನ್ನು ನಮ್ಮ ಮನೆಯಲ್ಲಿ ನಾನು ನೋಡಿಯೇ ಇರಲಿಲ್ಲ.

ಮೂರನೆಯ ಜಮಾತಿಗೇ ಶಾಲೆ ಬಿಟ್ಟು ಅಪ್ಪನ ತೊಟ್ಟಿಯ ಪಕ್ಕ ನಿಂತವನು ನಾನು. ತಹಸೀಲಿನ ಗುಮಾಸ್ತರ ಮುಂದಾಗಲಿ, ಸಾಹುಕಾರರ ಮುಂದಾಗಲಿ ತಲೆ ತಗ್ಗಿಸದೆ ನಿಲ್ಲಲು ನನಗಿದ್ದ ಆಧಾರ ಎರಡು. ಒಂದು ನಾನು ಹಾಕಿದ ಕೆಂಪು. ಇನ್ನೊಂದು ಆ ಕೆಂಪಿನ ಗುರುತೇ ಇಲ್ಲದ ನನ್ನ ಕೈ. ಆ ಕೈ ನನ್ನನ್ನು ಆರು ತಿಂಗಳು ಹೇಗೆ ಕಾಡಿತೆಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗಲೂ ನೆನೆದರೆ ಸಿಟ್ಟೇ ಮೊದಲು ಬರುತ್ತದೆ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ವಿಲಾಯತಿ ಬಣ್ಣದ ಡಬ್ಬಿಗಳು ಮುಂಬಯಿಯಿಂದ ರೈಲಿನಲ್ಲಿ ಧಾರಾಳವಾಗಿ ಬರುತ್ತಿದ್ದವು. ಗದ್ವಾಲದ ಒಬ್ಬ ಮಗ್ಗದ ಯಜಮಾನರು, ಹತ್ತಾರು ಮಗ್ಗ ಇಟ್ಟವರು, ನನ್ನನ್ನು ಕರೆಸಿ ಒಂದು ಮಾತು ಹೇಳಿದರು. ಗದ್ವಾಲದ ಸೀರೆಗೆ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಒಡಲಿನ ಕೆಂಪು ಮೊದಲ ಒಗೆತಕ್ಕೇ ಬಿಟ್ಟು ರೇಷ್ಮೆಗೆ ಹತ್ತಿದರೆ ಸೀರೆ ಕೆಟ್ಟಿತು. ದೇವಸ್ಥಾನದ ಆಚಾರರ ಮನೆಗಳಲ್ಲಿ ಮಡಿಗೆಂದು ಅದೇ ಸೀರೆಯನ್ನು ದಿನವೂ ನೀರಿಗೆ ಹಾಕುತ್ತಾರೆ. ಅವರಿಗೆ ಬಿಡದ ಕೆಂಪು ಬೇಕಿತ್ತು. ಯಜಮಾನರ ಪರೀಕ್ಷೆ ಸರಳ. ಬಿಳಿ ರೇಷ್ಮೆಯ ಒಂದು ತುಣುಕನ್ನು ನೀರಲ್ಲಿ ನೆನೆಸಿ, ನಾವು ತಂದ ನೂಲಿನ ಮೇಲೆ ಗಟ್ಟಿಯಾಗಿ ತಿಕ್ಕುವರು. ತುಣುಕು ಬೆಳ್ಳಗೇ ಉಳಿದರೆ ನೂಲು ಒಳಗೆ, ಇಲ್ಲವಾದರೆ ಹೊರಗೆ.

ಹೊಸ ಡಬ್ಬಿಯ ಕೆಂಪು ಆ ಪರೀಕ್ಷೆಯಲ್ಲಿ ಗೆದ್ದಿತು. ಅದನ್ನು ಹಾಕುವ ರೀತಿಯೇ ಬೇರೆ. ಮೊದಲ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ, ಔಡಲೆಣ್ಣೆ ಸೇರಿಸಿ ಕಲಸಿದ ಪುಡಿ. ಅದರಲ್ಲಿ ಅದ್ದಿ ಹಿಂಡಿದರೆ ನೂಲು ನಿಂಬೆಹಣ್ಣಿನ ಹಳದಿಯಾಗುತ್ತದೆ. ಎರಡನೆಯ ತೊಟ್ಟಿಯಲ್ಲಿ ತಣ್ಣೀರು ಮತ್ತು ಇನ್ನೊಂದು ಡಬ್ಬಿಯ ಉಪ್ಪು. ಹಳದಿ ನೂಲಿನ ಲಡಿಯನ್ನು ಅದರಲ್ಲಿ ಇಳಿಸುತ್ತಲೇ ಕಣ್ಣೆದುರಿಗೆ ಕೆಂಪು ಹುಟ್ಟುತ್ತದೆ. ಒಲೆ ಬೇಡ, ಕುದಿ ಬೇಡ. ಆದರೆ ಲಡಿಯನ್ನು ನೀರಿನೊಳಗೆ ಎಳೆಎಳೆಯಾಗಿ ಬಿಡಿಸಿ ತಿರುವದಿದ್ದರೆ ಮಚ್ಚೆ ಬೀಳುತ್ತದೆ. ಕೋಲಿನಿಂದ ಆಗುವ ಕೆಲಸವಲ್ಲ, ತೋಳು ಇಳಿಸಲೇಬೇಕು.

ನೂಲನ್ನು ಬಿಡದ ಬಣ್ಣ ಕೈಯನ್ನೂ ಬಿಡುವುದಿಲ್ಲ. ಹಳೆಯ ಕೆಂಪನ್ನು ಚೌಳು, ಸುಣ್ಣಗಳೇ ತೆಗೆಯುತ್ತಿದ್ದವು. ಇದು ಅವಕ್ಕೆ ಸೊಪ್ಪು ಹಾಕಲಿಲ್ಲ. ನಾನೂ ಬಿಡಲಿಲ್ಲ. ನೂಲನ್ನು ಬಿಳಿ ಮಾಡಲು ನಮ್ಮಲ್ಲಿ ಮೂಗಿಗೆ ಹತ್ತುವ ವಾಸನೆಯ ಒಂದು ಪುಡಿ ಇತ್ತು. ಅದರಲ್ಲಿ ಒಂದು ಹಿಡಿಯನ್ನು ಸುಣ್ಣದ ತಿಳಿಗೆ ಸೇರಿಸಿ ತಿಕ್ಕಿದೆ. ಕೆಂಪು ಗುಲಾಬಿಗೆ ಇಳಿಯಿತು, ಇನ್ನೂ ತಿಕ್ಕಿದರೆ ಬಿಳಿಗೆ. ಎಲ್ಲಾದರೂ ಒಂದು ಹನಿ ಚಿಮ್ಮಿರಬಹುದೆಂದು ಮೊಳಕೈಯ ಮೇಲಕ್ಕೂ ತಿಕ್ಕುತ್ತಿದ್ದೆ.

ನನ್ನ ತಮ್ಮನೂ ಅದೇ ತೊಟ್ಟಿಯಲ್ಲಿ ಕೈ ಇಳಿಸುವವನು. ಅವನು ಕೆಲಸ ಮುಗಿದ ಮೇಲೆ ಎರಡು ಚೊಂಬು ನೀರು ಸುರಿದುಕೊಂಡು, ತೊಟ್ಟಿಗೆಂದು ತಂದ ಔಡಲೆಣ್ಣೆಯಲ್ಲೇ ಒಂದಿಷ್ಟು ಬಳಿದುಕೊಂಡು, ಧೋತರಕ್ಕೆ ಒರೆಸಿ ಎದ್ದುಬಿಡುತ್ತಿದ್ದ. ಲಿಂಗಪೂಜೆಯೆಂದರೆ ದೇವರ ಗೂಡಿನ ಮುಂದೆ ನಿಂತು ಕೈಮುಗಿದಷ್ಟೇ.

“ಹೋಳಿ ಹುಣ್ಣಿವಿ ಇನ್ನೂ ಮುಗದಿಲ್ಲೇನೋ ನಿಂದು?” ಎಂದು ನಾನು ಬೈದರೆ, “ನಾಳೆ ಮತ್ತ ಅದೇ ತೊಟ್ಟಿ ಅಲ್ಲೇನಣ್ಣ, ದಿನಾ ಬಿಡಸೋದ್ಯಾಕ, ದಿನಾ ಹಚ್ಚಿಕೊಳ್ಳೋದ್ಯಾಕ?” ಎನ್ನುತ್ತಿದ್ದ. ಮೈಗಳ್ಳನ ಮಾತು ಎಂದುಕೊಳ್ಳುತ್ತಿದ್ದೆ.

ದಸರೆ ಕಳೆದ ಮೇಲೆ ಮಣಿಕಟ್ಟಿನ ಒಳಗಡೆ ಸಾಸಿವೆಯಂಥ ಗುಳ್ಳೆ ಎದ್ದವು. ಕೆರೆದರೆ ಒಂದು ಗಳಿಗೆ ಹಿತ, ಆಮೇಲೆ ಉರಿ. ದೀಪಾವಳಿಗೆ ಮೊದಲೇ ತುರಿಕೆ ಎರಡೂ ತೋಳಿಗೆ ಹಬ್ಬಿ ಮೊಳಕೈ ದಾಟಿತು. ಚರ್ಮ ಒಣ ಕೆರೆಯ ತಳದಂತೆ ಬಿರಿದು, ಬಿರುಕಿನಲ್ಲಿ ನೀರು ಜಿನುಗತೊಡಗಿತು. ಆ ಕೈಯನ್ನು ಕಾಸ್ಟಿಕ್ಕಿನ ತೊಟ್ಟಿಗೆ ಇಳಿಸಿದರೆ ಕಣ್ಣಲ್ಲಿ ನೀರು ತಾನಾಗಿ ಬರುತ್ತಿತ್ತು. ಹಲ್ಲು ಕಚ್ಚಿ ಲಡಿ ತಿರುವುತ್ತಿದ್ದೆ.

ಮಕ್ತಲ್‌ನಲ್ಲಿ ಹೆಸರಾದ ಒಬ್ಬ ಹಕೀಮರಿದ್ದರು. ಉಟ್ಕೂರ್ ಮೇಲೆ ಹಾಯ್ದು ಎತ್ತಿನ ಗಾಡಿಯಲ್ಲಿ ಹೋದೆ. ಅವರು ನನ್ನ ತೋಳನ್ನು ಬೆಳಕಿಗೆ ಹಿಡಿದು, ಬೆರಳ ಸಂದಿ ಬಿಡಿಸಿ ನೋಡಿದರು.

“ಖುಜ್ಲಿ ಐತಿ ಬೇಟಾ. ಚರ್ಮದಾಗ ಹುಳ ಹೊಕ್ಕಾವು. ಗಂಧಕದ ಮುಲಾಮು ಕೊಡ್ತೀನಿ.”

“ಮನ್ಯಾಗ ಮತ್ಯಾರಿಗೂ ಇಲ್ರಿ ಹಕೀಮ್ ಸಾಬ್.”

“ಆಗ್ತೈತಿ, ಅವಸರ ಯಾಕ? ಹಚ್ಚೋಕಿಂತ ಮೊದಲ ಛಲೋ ತಿಕ್ಕಿ ತೊಳಿಬೇಕು. ಹೊಲಸು ಉಳದ್ರ ದವಾ ಒಳಗ ಹೋಗಂಗಿಲ್ಲ.”

ತಿಕ್ಕಿ ತೊಳೆಯುವುದನ್ನು ನನಗೆ ಹೇಳಿಕೊಡಬೇಕೇ? ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತಿಕ್ಕಿದೆ. ಗಂಧಕದ ಜಿಡ್ಡು ನೂಲಿಗೆ ತಾಗಿದರೆ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ತೊಟ್ಟಿಗೆ ಇಳಿಯುವ ಮೊದಲು ಆ ಜಿಡ್ಡು ತೆಗೆಯಲು ಸೋಡಾ ಹಾಕಿ ಇನ್ನೊಮ್ಮೆ. ಮನೆಯವರ ಬಟ್ಟೆಯನ್ನೆಲ್ಲ ಕುದಿಸಿದ್ದಾಯಿತು, ಹಾಸಿಗೆ ಬಿಸಿಲಿಗೆ ಹಾಕಿದ್ದಾಯಿತು. ಮೈಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಗದ್ವಾಲಕ್ಕೆ ನೂಲು ಒಯ್ಯುವಾಗ ಕೃಷ್ಣೆಯ ಹರಿಗೋಲಿನಲ್ಲಿ ಜನ ನನ್ನಿಂದ ಸರಿದು ಒಂದೇ ಕಡೆ ಕೂತರು. “ಏ ಮಾರಾಯ್ರ, ಇತ್ಲಾಗ ಒಂದೀಟು ಸರೀರಿ, ಹರಿಗೋಲು ವಾಲಾಕ ಹತ್ತೈತಿ” ಎಂದು ಅಂಬಿಗ ಕೂಗಬೇಕಾಯಿತು. ಯಾರೂ ಸರಿಯಲಿಲ್ಲ.

ತುರಿಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ. ಮುಲಾಮಿನ ಡಬ್ಬಿಯನ್ನು ತಿಪ್ಪೆಗೆ ಎಸೆದೆ.

ಆಮೇಲೆ ಹೆಂಡತಿಯ ತವರಿನ ಕಡೆ, ನಾರ್ವದ ಹತ್ತಿರದ ಒಬ್ಬ ವೈದ್ಯರು ನಾಡಿ ಹಿಡಿದು, ರಕ್ತದಲ್ಲಿ ಕಾವು ಕೂತಿದೆ ಎಂದರು. ಬದನೆಕಾಯಿ ಬೇಡ, ಎಳ್ಳು ಬೇಡ, ಹುಣಸೆ ಬೇಡ, ಉಳ್ಳಾಗಡ್ಡಿ ಬೇಡ. ಜೋಳದ ರೊಟ್ಟಿಯ ಜೊತೆ ಉಪ್ಪಿಲ್ಲದ ಹೆಸರುಬೇಳೆ ಕಟ್ಟು. ಬೇವಿನೆಲೆಯ ಕಷಾಯ. ದಿನವಿಡೀ ಬಾಗಿ ನೂಲು ಹಿಂಡುವವನಿಗೆ ಅದು ಊಟವೇ? ನಾನು ಗೊಣಗಿದರೆ ಹೆಂಡತಿ, “ನನ್ನ ಮ್ಯಾಲೆ ಯಾಕ ಸಿಟ್ಟಾಗ್ತೀರಿ? ಕಷಾಯ ಕಹಿ ಇದ್ರ ನಾ ಏನ್ ಮಾಡ್ಲಿ?” ಎನ್ನುವಳು. ಪಕ್ಕದಲ್ಲಿ ತಮ್ಮ ಎಣಗಾಯಿಯ ಜೊತೆ ರೊಟ್ಟಿ ಮುರಿಯುತ್ತಿದ್ದ. ಅವನ ತೋಳು ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ನೋಡಿದರೆ ನನಗೆ ಇನ್ನೂ ಸಂಕಟ. ದೇವರಿಗೂ ಕೆಲಸಕ್ಕೂ ನಿಷ್ಠೆಯಿಂದ ಇರುವವನಿಗೆ ಹುಣ್ಣು, ಧೋತರಕ್ಕೆ ಕೈ ಒರೆಸುವವನಿಗೆ ಆರೋಗ್ಯ.

ಕೊನೆಗೆ ಬಣ್ಣದ ಮೇಲೆಯೇ ಸಂಶಯ ಬಂತು. ಸಂಕ್ರಾಂತಿಯಿಂದ ನಾನು ತೊಟ್ಟಿಗೆ ಕೈ ಇಳಿಸುವುದನ್ನು ಬಿಟ್ಟೆ. ಇಳಿಸುವುದೆಲ್ಲ ತಮ್ಮನದು. ನಾನು ಪುಡಿ ಕಲಸುವುದನ್ನು ನೋಡುವುದು, ಒಣಗಿದ ಲಡಿ ಎಣಿಸುವುದು, ಗಂಟು ಕಟ್ಟುವುದು. ಇಪ್ಪತ್ತು ವರ್ಷ ಕೈಯಿಂದ ಬಲ್ಲ ಕೆಲಸವನ್ನು ಬಾಯಿಂದ ಮಾಡಿಸುವುದು ಎಂಥ ಶಿಕ್ಷೆಯೆಂದು ಮಾಡಿಸಿದವರಿಗೇ ಗೊತ್ತು. ಅವನು ಅವಸರದಲ್ಲಿ ತಿರುವಿದ ಲಡಿಗಳಲ್ಲಿ ಮಚ್ಚೆ ಬಿದ್ದವು. ಅವನ್ನು ಮತ್ತೆ ಅದ್ದಿಸಿದೆ. ಜಗಳವಾಯಿತು. ನಾನಂತೂ ಸಂಜೆಯ ತಿಕ್ಕಾಟವನ್ನು ತಪ್ಪಿಸಲಿಲ್ಲ. ಲಡಿಯ ಗಂಟು ಕಟ್ಟುವಾಗ ಹತ್ತಿದ ಧೂಳಾದರೂ ಇರುತ್ತದಲ್ಲ, ಪೂಜೆಗೆ ಕೂಡುವವನು ನಾನು.

ತೊಟ್ಟಿ ಬಿಟ್ಟರೂ ತುರಿಕೆ ನಿಲ್ಲಲಿಲ್ಲ. ಬಣ್ಣವಲ್ಲದಿದ್ದರೆ ಒಳಗಿನ ರೋಗವೇ ಸರಿ ಎಂದು ಓಣಿಯಲ್ಲಿ ಮಾತು ಎದ್ದಿತು. ಯಾವ ರೋಗವೆಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಆದರೆ ನಮ್ಮ ಬಾವಿಗೆ ನೀರಿಗೆ ಬರುತ್ತಿದ್ದವರು ಬೇರೆ ಬಾವಿಗೆ ಹೋಗತೊಡಗಿದರು.

ಆ ಮಾತು ನನಗಿಂತ ಮೊದಲು ಕೃಷ್ಣೆ ದಾಟಿತ್ತು. ಮುಂದಿನ ಸಲ ಗದ್ವಾಲಕ್ಕೆ ನೂಲು ಒಯ್ದಾಗ ಯಜಮಾನರು ಪಡಸಾಲೆಯಿಂದ ಇಳಿದು ಬರಲಿಲ್ಲ. ಯಾವಾಗಲೂ ಗಂಟನ್ನು ನನ್ನ ಕೈಯಿಂದ ತಮ್ಮ ಕೈಗೆ ತೆಗೆದುಕೊಳ್ಳುವವರು, ಅಂದು ಬೆರಳಿನಿಂದ ನೆಲ ತೋರಿಸಿದರು.

“ಅಲ್ಲೇ ಕೆಳಗ ಇಡ್ರಿ ಶೆಟ್ರ.”

ಇಟ್ಟೆ. ನನ್ನ ತೋಳಿನ ಮೇಲೆ ಪಂಜೆಯ ತುಂಡು ಹೊದ್ದಿದ್ದೆ. ಅವರ ಕಣ್ಣು ಅಲ್ಲಿಯೇ ಇತ್ತು.

“ಮೈಗೆ ಹುಷಾರಿಲ್ಲಂತ ಕೇಳಿದೆ.”

“ಕೈ ಒಂದೀಟು ತುರಿಸ್ತಾವ್ರಿ. ಬ್ಯಾರೆ ಏನಿಲ್ಲ.”

“ನೋಡ್ರಿ, ನಿಮ್ಮ ಕೆಂಪಿನ ಬಗ್ಗೆ ನನ್ನ ತಕರಾರಿಲ್ಲ. ಆದ್ರ ಈ ಸೀರಿ ಮಡಿಗೆ ಉಡಾವ್ರಿಗೆ ಹೋಗ್ತಾವ. ನೂಲಿಗೆ ಯಾರ ಕೈ ಹತ್ತೈತಿ ಅಂತ ಆಚಾರ್ರ ಮನ್ಯಾಗ ಒಂದ್ ಮಾತು ಹೊಂಟ್ರ ನನ್ನ ಮಗ್ಗ ಮುಚ್ಚಬೇಕಾಗ್ತೈತಿ. ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ಕೈ ನೆಟ್ಟಗ ಮಾಡ್ಕೊಂಡು ಬಂದು ತೋರಸ್ರಿ. ಇಲ್ಲಂದ್ರ ನೂಲು ಬ್ಯಾರೆಯವರಿಗೆ ಕೊಡ್ತೀನಿ.”

“ನಮ್ಮ ತಮ್ಮ ಬಂದು ಒಯ್ದ್ರ?”

“ಒಂದೇ ಮನಿ ಅಲ್ಲೇನ್ರೀ?”

ಆ ಯಜಮಾನರ ನೂಲೇ ನಮ್ಮ ತೊಟ್ಟಿಯ ಜೀವಾಳ. ಅದು ತಪ್ಪಿದರೆ ನಾನು ಕೂಲಿಗೆ ಇನ್ನೊಬ್ಬರ ತೊಟ್ಟಿಗೆ ಹೋಗಬೇಕು. ಈ ಕೈಯನ್ನು ಯಾರು ತಮ್ಮ ತೊಟ್ಟಿಗೆ ಬಿಡುತ್ತಾರೆ?

ನಮ್ಮೂರ ಹೊರಗಿದ್ದ ಸರಕಾರಿ ದವಾಖಾನೆಗೆ ನಾನು ಹೋಗದೇ ಇದ್ದದ್ದು ಬಿಂಕದಿಂದ. ಅಲ್ಲಿ ಸಾಲಿನಲ್ಲಿ ಕೂಡಬೇಕು, ಕಾಂಪೌಂಡರನ ಗದರಿಕೆ ಕೇಳಬೇಕು. ಈಗ ಹೋದೆ. ಡಾಕ್ಟರು ಗುಲ್ಬರ್ಗಾ ಕಡೆಯವರು, ಸಣ್ಣ ವಯಸ್ಸು. ಮೊದಲ ದಿನ ಜನ ಬಹಳ. ನನ್ನ ತೋಳು ನೋಡಿ ಕೆಲಸವೇನೆಂದು ಕೇಳಿದರು. ಹೇಳಿದೆ. “ಬಣ್ಣದ್ದು. ಬಣ್ಣ ಬಿಡು” ಎಂದರು. “ಬಿಟ್ಟೀನ್ರಿ” ಎನ್ನುವಷ್ಟರಲ್ಲಿ ಮುಂದಿನವನನ್ನು ಕರೆದಾಗಿತ್ತು. ಕಾಂಪೌಂಡರ್ ಬಿಳಿ ಮುಲಾಮು ಕೊಟ್ಟು, “ಸ್ವಚ್ಛ ಇಟ್ಟುಕೋ” ಎಂದ. ಸ್ವಚ್ಛ, ಸ್ವಚ್ಛ, ಸ್ವಚ್ಛ. ಈ ತಾಲ್ಲೂಕಿನಲ್ಲಿ ನನ್ನ ಕೈಯಷ್ಟು ಸ್ವಚ್ಛ ಕೈ ಯಾವುದಿದೆ ತೋರಿಸು ಎಂದು ಕೇಳಬೇಕೆನಿಸಿತು.

ಮುಲಾಮು ಹಚ್ಚಿದಾಗ ತಂಪು. ಸಂಜೆ ತಿಕ್ಕಿದ ಮೇಲೆ ಮತ್ತೆ ಬೆಂಕಿ.

ಎರಡನೆಯ ಸಲ ಹೋಗುವಾಗ ಗಾಡಿ ಹೊಡೆಯಲೂ ನನ್ನಿಂದ ಆಗುತ್ತಿರಲಿಲ್ಲ. ಹಗ್ಗ ಹಿಡಿದರೆ ಚರ್ಮ ಬಿರಿಯುತ್ತಿತ್ತು. ತಮ್ಮ ತೊಟ್ಟಿಯ ಕೆಲಸ ಬಿಟ್ಟು ಹಾಗೇ ಬಂದು ಗಾಡಿ ಕಟ್ಟಿದ. ಡಾಕ್ಟರು ನನ್ನ ತೋಳು ಹಿಡಿದು ನೋಡುತ್ತಿದ್ದರು. ಇವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ, ಮೊಳಕೈವರೆಗೆ ಕೆಂಪು. ಡಾಕ್ಟರ ಕಣ್ಣು ಅವನ ಮೇಲೆ ಬಿತ್ತು.

“ಅವ ಯಾರು?”

“ತಮ್ಮರಿ.”

“ಅವನೂ ಬಣ್ಣ ಹಾಕ್ತಾನೇನು?”

“ಈಗ ಅವನ ಹಾಕಾವ. ನಾ ತೊಟ್ಟಿ ಮುಟ್ಟಿಲ್ರಿ, ಸಂಕ್ರಾಂತಿಂದ.”

ಡಾಕ್ಟರು ತಮ್ಮನನ್ನು ಕರೆದು, ಅವನ ತೋಳನ್ನು ನನ್ನ ತೋಳಿನ ಪಕ್ಕಕ್ಕೆ ಇಡಿಸಿದರು. ಒಂದು ಕೆಂಪು, ನುಣುಪು. ಇನ್ನೊಂದು ಬಿಳಿ, ಬಿರಿದದ್ದು. ಎರಡನ್ನೂ ಬೆರಳಿನಿಂದ ಒತ್ತಿ ನೋಡಿದರು.

“ಬಣ್ಣ ಮೊಳಕೈ ಮ್ಯಾಲೆ ಹೋಗಂಗಿಲ್ಲ. ನಿನ್ನ ಗುಳ್ಳಿ ಹೋಗ್ಯಾವ. ನಿನ್ನ ಕೈಮ್ಯಾಲಿನ ಬಣ್ಣ ಎಲ್ಲಿ ಹೋತು?”

“ದಿನಾ ತೊಳಿತೀನ್ರಿ.”

“ಯಾತರಿಂದ?”

ಹೇಳಿದೆ. ಚೌಳು, ಸುಣ್ಣ ಎನ್ನುವಾಗ ಸುಮ್ಮನಿದ್ದರು. ಪುಡಿಯ ಮಾತು ಬಂದಾಗ ತಲೆ ಎತ್ತಿದರು.

“ನೂಲು ಬಿಳಿ ಮಾಡೋ ಪುಡೀನ ಮೈಗೆ ತಿಕ್ಕೋತೀಯೇನಪಾ? ಹುಣ್ಣಾದ ಮೈಗೆ?”

“ಸ್ವಚ್ಛ ಇಡು ಅಂದ್ರಲ್ರಿ ಎಲ್ಲಾರೂ. ನಿಮ್ಮ ಕಾಂಪೌಂಡರೂ ಅಂದ.”

ಅವರ ಮುಖ ಸ್ವಲ್ಪ ಇಳಿಯಿತು. “ಕೇಳಬೇಕಾಗಿತ್ತು, ಕೇಳಲಿಲ್ಲ” ಎಂದರು. ಆಮೇಲೆ ಮೆಲ್ಲಗೆ, ಮಕ್ಕಳಿಗೆ ಹೇಳುವಂತೆ ಹೇಳಿದರು: ಚರ್ಮಕ್ಕೆ ತನ್ನದೇ ಒಂದು ಎಣ್ಣೆಯಿದೆ. ಸುಣ್ಣ, ಸೋಡಾ, ಆ ಪುಡಿ ಅದನ್ನು ದಿನವೂ ಸುಡುತ್ತವೆ. ಕಾವಲಿಲ್ಲದ ಚರ್ಮಕ್ಕೆ ಏನು ತಾಗಿದರೂ ಉರಿ, ತುರಿಕೆ. ಕೆರೆದರೆ ಇನ್ನೂ ಒಡೆಯುತ್ತದೆ. ಬರೀ ತಣ್ಣೀರಲ್ಲಿ ತೊಳೆಯಬೇಕು, ಒದ್ದೆಯಿರುವಾಗಲೇ ಎಣ್ಣೆ ಹಚ್ಚಬೇಕು, ಬಿರುಕಿಗೆ ಬಿಳಿ ಮುಲಾಮು. ಬಿರುಕು ಮುಚ್ಚುವವರೆಗೆ ಕಾಸ್ಟಿಕ್ಕಿನ ತೊಟ್ಟಿ ಬೇಡ. ಬಣ್ಣ ಹತ್ತಿದ್ದರೆ ಹತ್ತಿರಲಿ.

ಮರಳುವಾಗಲೂ ತಮ್ಮನೇ ಗಾಡಿ ಹೊಡೆದ. ಊರ ಬಾಗಿಲು ದಾಟುವಾಗ, “ಅಣ್ಣಾ, ಔಡಲೆಣ್ಣಿ ನನ್ನ ಹತ್ರ ಐತಿ, ಬೇಕಾದ್ರ ಕೇಳು” ಎಂದ.

ನನಗೆ ನಂಬಿಕೆ ಬಂದಿರಲಿಲ್ಲ. ಅಪ್ಪ ಜೀವಮಾನವಿಡೀ ತಿಕ್ಕಿದ, ಅವನಿಗೆ ಒಂದು ಗುಳ್ಳೆ ಏಳಲಿಲ್ಲ. ಅಪ್ಪನ ಸುಣ್ಣದ ತಿಳಿಯಲ್ಲಿ ಆ ಪುಡಿ ಇರಲಿಲ್ಲವೆಂಬುದು ಹೊಳೆಯಲು ನನಗೆ ಇನ್ನೂ ದಿನ ಬೇಕಾಯಿತು. ಡಾಕ್ಟರ ಮಾತು ಸುಳ್ಳು ಮಾಡಬೇಕೆಂದೇ ಹೊರಟೆ. ಹೊಸ ಬಣ್ಣ ಬಂದಾಗ ನಾವು ಲಡಿಯ ಅರ್ಧವನ್ನಷ್ಟೇ ಅದ್ದಿ, ಅರ್ಧ ಬಿಟ್ಟು, ಎರಡನ್ನೂ ಪಕ್ಕಪಕ್ಕ ನೋಡುತ್ತೇವೆ. ಹಾಗೆಯೇ ಒಂದು ತೋಳನ್ನು ಡಾಕ್ಟರು ಹೇಳಿದಂತೆ ಇಡುವುದು, ಇನ್ನೊಂದನ್ನು ನನ್ನ ರೀತಿಯಲ್ಲಿ.

ಯಾವ ತೋಳನ್ನು ಬಿಡುವುದು? ಎಡ ಅಂಗೈ ಲಿಂಗದ್ದು. ಅದನ್ನು ಮೈಲಿಗೆ ಮಾಡಲಾರೆ. ಎಡದ್ದನ್ನು ಮೊದಲಿನಂತೆ ತಿಕ್ಕಿದೆ. ಬಲದ್ದಕ್ಕೆ ಬರೀ ನೀರು, ಎಣ್ಣೆ, ಮುಲಾಮು.

ಮೊದಲ ಕೆಲವು ದಿನ ಎರಡೂ ಒಂದೇ ಥರ ತುರಿಸಿದವು. ನಾನು ಗೆದ್ದೆನೆಂದು ಹೆಂಡತಿಗೆ ಹೇಳಿಯೂ ಬಿಟ್ಟೆ. ಆಮೇಲೆ ಬಲ ಮಣಿಕಟ್ಟಿನ ಜಿನುಗು ನಿಂತಿತು. ಹೊಟ್ಟಿನಂತೆ ಹೊರಪದರ ಉದುರಿ, ಕೆಳಗೆ ಎಳೆ ಚರ್ಮ ಕಂಡಿತು. ಬಿರುಕು ಪೂರ್ತಿ ಮುಚ್ಚಿದ ಮೇಲೆ, ಕೈಗೆ ಮೊದಲು ತೊಟ್ಟಿಯದೇ ಔಡಲೆಣ್ಣೆ ಬಳಿದುಕೊಂಡು, ಬಲಗೈಯನ್ನಷ್ಟೇ ತೊಟ್ಟಿಗೆ ಇಳಿಸಿದೆ. ಕೆಂಪು ಹತ್ತಿತು. ಉರಿಯಲಿಲ್ಲ. ಎಡಗೈ ಅದೇ ಹಳೆಯ ಹುಣ್ಣು, ಸಂಜೆ ತಿಕ್ಕಿದರೆ ರಕ್ತ.

ಶಿವರಾತ್ರಿಯ ಸಂಜೆ ಬಾವಿಕಟ್ಟೆಯ ಮೇಲೆ ಪುಡಿಯ ಬೋಗುಣಿ ಮುಂದಿಟ್ಟುಕೊಂಡು ಕೂತೆ. ಎಡಗೈ ಬಿಟ್ಟರೆ ಅದೂ ವಾಸಿಯಾಗುತ್ತದೆಂದು ಈಗ ಗೊತ್ತಿತ್ತು. ವಾಸಿಯಾದರೆ ತೊಟ್ಟಿಗೆ ಇಳಿಯಬೇಕು, ಇಳಿದರೆ ಕೆಂಪು. ಆ ಕೆಂಪು ಇನ್ನು ಹೋಗುವುದಿಲ್ಲ. ಆ ಅಂಗೈಯ ಮೇಲೆ ಲಿಂಗ. ಅಪ್ಪನ ಮುಖ ಕಣ್ಣಮುಂದೆ ಬಂತು. ಬೋಗುಣಿಯಲ್ಲಿ ಕೈ ಅದ್ದಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಹೆಂಡತಿ ನೀರಿಗೆ ಬಂದವಳು ಕೊಡ ಇಳಿಸಿ ನಿಂತಳು.

“ಇನ್ನೂ ಕುಂತೀರಿ? ಪೂಜಿ ಹೊತ್ತಾತು.”

ನನ್ನ ಸಂಕಟ ಹೇಳಿದೆ. ಅವಳು ತನ್ನ ಸೆರಗನ್ನು ಎತ್ತಿ ನನ್ನ ಮುಂದೆ ಹಿಡಿದಳು. ನಾರಾಯಣಪೇಟೆಯ ಚೌಕುಳಿ ಸೀರೆ, ನಾನೇ ಹಾಕಿದ ಕೆಂಪು.

“ನೀವು ಹಾಕಿದ ಬಣ್ಣ ಉಟ್ಕೊಂಡು ನಾ ದಿನಾ ಪೂಜಿ ಮಾಡ್ತೀನಿ. ನನ್ನ ಮೈಮ್ಯಾಲ ನಡೀತೈತಿ, ನಿಮ್ಮ ಅಂಗೈಯಾಗ ನಡೆಯಂಗಿಲ್ಲೇನು? ಅದೇ ಬಣ್ಣ ಅಲ್ಲೇನ್ರೀ?”

ಕೊಡ ತುಂಬಿಕೊಂಡು ಹೋದಳು. ನಾನು ಬೋಗುಣಿಯನ್ನು ತಿಪ್ಪೆಗೆ ಸುರಿದೆ. ಸಿಟ್ಟಿನಿಂದಲೇ ಸುರಿದೆ. ಇಷ್ಟು ತಿಂಗಳ ನೋವು, ಗಂಧಕ, ಉಪ್ಪಿಲ್ಲದ ಕಟ್ಟು, ಬಾವಿ ಬಿಟ್ಟ ಜನ, ಎಲ್ಲ ಈ ಒಂದು ಬೋಗುಣಿಯಿಂದಲೇ ಎಂಬುದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಎಡಗೈಗೆ ತಣ್ಣೀರು ಸುರಿದು, ಎಣ್ಣೆ ಹಚ್ಚಿ, ಒರಟು ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕೂತೆ.

ಯುಗಾದಿಯ ಹೊತ್ತಿಗೆ ಎಡಗೈಯೂ ಮುಚ್ಚಿಕೊಂಡಿತು. ನಾನು ಮತ್ತೆ ತೊಟ್ಟಿಗೆ ನಿಂತೆ. ಎರಡೂ ತೋಳು ಮೊಳಕೈವರೆಗೆ ಕೆಂಪು. ವಿಭೂತಿ ಹಚ್ಚಿದರೆ ಹಿಂದೆಂದೂ ಕಾಣದಷ್ಟು ಬೆಳ್ಳಗೆ ಕಾಣುತ್ತಿತ್ತು.

ಗದ್ವಾಲಕ್ಕೆ ಹೊರಟಾಗ ತಮ್ಮ, “ಪಂಜಿ ಹೊದ್ದುಕೋ, ಬಿಸಿಲೈತಿ” ಎಂದ. ಹೊದೆಯಲಿಲ್ಲ. ಹರಿಗೋಲಿನಲ್ಲಿ ಈ ಸಲ ಯಾರೂ ಸರಿಯಲಿಲ್ಲ. ಬಣ್ಣದವನೆಂದು ನೋಡಿ ಸುಮ್ಮನಾದರು.

ಯಜಮಾನರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಒಳಗಡೆ ಮಗ್ಗಗಳ ಸದ್ದು. ನಾನು ಎರಡೂ ತೋಳು ಮುಂದೆ ಚಾಚಿದೆ.

“ಇದೇನ್ ಶೆಟ್ರ, ಯಾವತ್ತೂ ಬೆಳ್ಳಗ ಬರಾವ್ರು, ಇವತ್ತು ತಮ್ಮನ ವೇಷದಾಗ ಬಂದೀರಿ?”

“ನೆಟ್ಟಗ ಆಗ್ಯಾವ್ರಿ. ತೋರಸಾಕ ಬಂದೀನಿ.”

“ಏನು ತೋರಸ್ತೀರಿ? ಬಣ್ಣ ಕಾಣ್ತೈತಿ. ಬಣ್ಣದ ಕೆಳಗೇನು ಮುಚ್ಚೀರಿ ಅಂತ ನನಗ ಹೆಂಗ ತಿಳೀಬೇಕು?” ಅವರು ಒಳಗೆ ಕೂಗಿ ಹೇಳಿದರು, “ಏ, ಒಂದೀಟು ಚೌಳು ಮಣ್ಣು, ನೀರು ತರ್ರಿ.” ನನ್ನ ಕಡೆ ತಿರುಗಿ, “ತೊಳ್ಕೊಂಡು ತೋರಸ್ರಿ, ನೋಡೋಣು” ಎಂದರು.

ಚೌಳು ಬಂತು. ಹಿತ್ತಾಳೆಯ ತಂಬಿಗೆಯಲ್ಲಿ ನೀರು ಬಂತು. ನನ್ನ ಮುಂದೆ ಇಟ್ಟರು. ಈಗ ನಗು ಬರುತ್ತದೆ. ಆಗ ತಲೆಗೆ ರಕ್ತ ಏರಿತು. ತಿಕ್ಕಿದರೆ ಈ ಎಳೆ ಚರ್ಮ ಇಲ್ಲೇ ಇವರ ಕಣ್ಣೆದುರೇ ಕೆಂಡವಾಗಿ ಏಳುತ್ತದೆ, ರೋಗವೆಂದು ಅವರು ಎದ್ದುಹೋಗುತ್ತಾರೆ. ತಿಕ್ಕದಿದ್ದರೆ ಮುಚ್ಚಿಟ್ಟೆನೆಂದು ನೂಲು ಬೇರೆಯವರ ಪಾಲು.

“ತೊಳೆಯಂಗಿಲ್ರಿ” ಎಂದೆ. “ತೊಳದದ್ದಕ್ಕ ಹಿಂಗಾಗಿತ್ತು. ದವಾಖಾನೆ ಡಾಕ್ಟರು ಹೇಳ್ಯಾರ, ನಾನೂ ಒಂದು ಕೈ ತೊಳದು ಒಂದು ಬಿಟ್ಟು ನೋಡೀನಿ.”

“ಅದು ನಿಮ್ಮ ಮಾತು.”

ಗೋಡೆಯ ಗೂಡಿನಲ್ಲಿ ಅವರ ಪರೀಕ್ಷೆಯ ರೇಷ್ಮೆ ತುಣುಕುಗಳ ಬುಟ್ಟಿ ಇತ್ತು. ನಾನು ಕೇಳದೆಯೇ ಒಂದನ್ನು ತೆಗೆದುಕೊಂಡೆ. ತಂಬಿಗೆಯ ನೀರಲ್ಲಿ ಅದ್ದಿ, ಚೌಳನ್ನು ಪಕ್ಕಕ್ಕೆ ಸರಿಸಿ, ಎಡ ತೋಳಿನ ಮೇಲೆ ಮಣಿಕಟ್ಟಿನಿಂದ ಮೊಳಕೈವರೆಗೆ ತಿಕ್ಕಿದೆ. ತುಣುಕನ್ನು ಬಿಡಿಸಿ ಹಿಡಿದೆ. ಬೆಳ್ಳಗಿತ್ತು. ರಕ್ತವಿಲ್ಲ, ಕೀವಿಲ್ಲ, ಕೆಂಪೂ ಇಲ್ಲ.

“ಬಣ್ಣ ಬಿಡಂಗಿಲ್ರಿ ಯಜಮಾನ್ರ. ನಿಮ್ಮ ಸೀರಿಗೆ ಹಾಕಿದ್ದೇ ಇದು. ಹುಣ್ಣು ಇದ್ರ ಇಷ್ಟೊತ್ತಿಗೆ ಅರಿವಿ ತೊಯ್ದು ಹೋಗ್ತಿತ್ತು.”

ಅವರು ಎದ್ದು ಬಂದರು. ತುಣುಕನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಬುಟ್ಟಿಯಿಂದ ತಾವೇ ಇನ್ನೊಂದು ತೆಗೆದು ನೆನೆಸಿದರು. ಒಂದು ಗಳಿಗೆ ಅನುಮಾನಿಸಿ ನಿಂತರು. ಆಮೇಲೆ ಮೋಸದ ನೂಲು ತಂದವನ ಲಡಿಯನ್ನು ಹೇಗೆ ತಿಕ್ಕುತ್ತಾರೋ ಹಾಗೆ ನನ್ನ ಬಲ ತೋಳನ್ನು ತಿಕ್ಕಿದರು. ತುಣುಕನ್ನು ಬಿಸಿಲಿಗೆ ಹಿಡಿದು ನೋಡಿದರು. ಅದನ್ನು ಕೆಳಗೆ ಹಾಕಿ, ಬರಿಯ ಹೆಬ್ಬೆರಳನ್ನು ನನ್ನ ತೋಳಿನ ಮೇಲಿಟ್ಟು, ನೂಲಿನಲ್ಲಿ ಗಂಟು ಹುಡುಕುವವರಂತೆ ಮೆಲ್ಲಗೆ ಮೊಳಕೈವರೆಗೆ ಎಳೆದರು. ಇನ್ನೊಂದು ತೋಳಿಗೂ ಹಾಗೆಯೇ.

“ಗಂಟಿಲ್ಲ” ಎಂದರು, ತಮ್ಮಷ್ಟಕ್ಕೆ.

ಒಳಗೆ ಹೋಗಿ ಬಿಳಿ ನೂಲಿನ ದೊಡ್ಡ ಗಂಟು ತಂದರು. ನಾನು ಅಭ್ಯಾಸದಂತೆ ಹಿಂದೆ ಸರಿದು ನಿಂತೆ, ನೆಲದ ಮೇಲೆ ಇಡುತ್ತಾರೆಂದು.

“ಯಾಕ್ರೀ, ಕೈ ಚಾಚ್ರಿ. ಇದು ಕೆಳಗ ಇಡೋ ನೂಲೇನು?”

ಚಾಚಿದೆ. ಗಂಟನ್ನು ತೋಳಿನ ಮೇಲೆ ಇಟ್ಟರು. ಅದರ ಭಾರ ಬಿದ್ದ ಕೂಡಲೇ ಎಡ ಮಣಿಕಟ್ಟಿನ ಒಳಗಡೆ, ಮೊದಲ ಗುಳ್ಳೆ ಎದ್ದ ಜಾಗದಲ್ಲಿ, ಸಣ್ಣಗೆ ತುರಿಸಿತು. ಕೆರೆದುಕೊಳ್ಳಲು ಕೈ ಖಾಲಿ ಇರಲಿಲ್ಲ.